ಶುಕ್ರವಾರ ಐದು ಗಂಟೆಯೊಳಗೆ

ಪರೀಕ್ಷೆ ಮುಗಿದಿತ್ತು, ಶಾಲೆ ಮುಗಿದಿರಲಿಲ್ಲ. ದೊಡ್ಡ ರಜೆಗೆ ಇನ್ನೂ ಒಂದು ವಾರವಿತ್ತು. ಓದಿಸಲು ಪಾಠವಿಲ್ಲದ, ಮನೆಗೆ ಕಳಿಸಲು ಅನುಮತಿಯೂ ಇಲ್ಲದ ಆ ವಾರ ಮಕ್ಕಳನ್ನು ಹಿಡಿದು ಕೂರಿಸುವುದು ಮೇಷ್ಟ್ರುಗಳಿಗೆ ಇಡೀ ವರ್ಷದ ಕೆಲಸಕ್ಕಿಂತ ಕಷ್ಟ. ಅದಕ್ಕೇ ಏಳನೇ ತರಗತಿಯ ಸೈನ್ಸ್ ಮಿಸ್ ಸೋಮವಾರ ಎಲ್ಲರ ಕೈಗೂ ಒಂದೊಂದು ಹಳದಿ ಚೀಟಿ ಕೊಟ್ಟಿದ್ದಳು. 'ಈ ವರ್ಷ ನಾನು ಕಲಿತದ್ದು' ಎಂದು ಬರೆಯಬೇಕು. ಎರಡೇ ಸಾಲು, ಹೆಸರು ಹಾಕುವುದು ಬೇಡ. ಬರೆದು ಅವರೇ ಕಾರಿಡಾರಿನ ಗೋಡೆಗೆ ಅಂಟಿಸಬೇಕು.

ಮಂಗಳವಾರ ಬೆಳಿಗ್ಗೆ ಅವಳು ಹಾಜರಿ ಪುಸ್ತಕ ತೆರೆಯುವ ಮೊದಲೇ ಆಯಾ ಏದುಸಿರು ಬಿಡುತ್ತ ಬಂದಳು.

"ಮಿಸ್, ಬೇಗ ಬನ್ನಿ. ನಿಮ್ಮ ಗೋಡೆ ಬಾಯಿ ಬಿಟ್ಟಿದೆ."

ಕಾರಿಡಾರಿನಲ್ಲಿ ಮೂರು ತರಗತಿಗಳ ಮಕ್ಕಳು ಮುತ್ತಿಕೊಂಡಿದ್ದರು. ನಲವತ್ತು ಚೀಟಿಗಳಲ್ಲಿ ಮೂವತ್ತೊಂಬತ್ತನ್ನು ಯಾರೂ ನೋಡುತ್ತಿರಲಿಲ್ಲ. ಉಳಿದ ಒಂದರಲ್ಲಿ ದುಂಡಗಿನ ಅಕ್ಷರಗಳಲ್ಲಿ ಹೀಗಿತ್ತು: 'ಸೈನ್ಸ್ ಮಿಸ್ ಬಾಗಿಲ ಮುಂದೆ ಹೋದಾಗ ಬದಲಿ ಸರ್ ಬೋರ್ಡಿನ ಮೇಲೆ ಮಾಡುವ ಲೆಕ್ಕ ತಪ್ಪುತ್ತದೆ. ಮಿಸ್ ದಾಟಿ ಹೋದ ಮೇಲೆ ಸರಿಯಾಗುತ್ತದೆ.'

ಅವಳ ಕೈ ತಾನಾಗಿಯೇ ಚೀಟಿಯ ಕಡೆ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ಒಣ ಕೆಮ್ಮು ಕೇಳಿಸಿ ಮಕ್ಕಳು ಎರಡೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹೆಡ್ ಮಿಸ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನಿಧಾನವಾಗಿ ಓದಿದರು. ಓದಿ ಮುಗಿದ ಮೇಲೆ ಇನ್ನೊಮ್ಮೆ ಓದಿದರು.

"ಮೇಡಂ, ಯಾರೋ ತಮಾಷೆಗೆ ಬರೆದಿದಾರೆ. ನಾನು ತೆಗೆದುಬಿಡ್ತೀನಿ."

"ಯಾಕೆ ತೆಗೀಬೇಕು? ವ್ಯಾಕರಣ ಸರಿ ಇದೆ," ಎಂದು ಹೇಳಿ ಅವರು ಆಫೀಸಿನ ಕಡೆ ನಡೆದರು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ಆ ಹೆಂಗಸಿನ ಮೌನವನ್ನು ಅವಳು ಬಲ್ಲಳು; ಹೆಡ್ ಮಿಸ್ ಅವಳ ತಾಯಿ.

ಬದಲಿ ಸರ್ ಬಂದದ್ದು ಆಮೇಲೆ, ಮೊಣಕೈಗೆ ಸೀಮೆಸುಣ್ಣ ಮೆತ್ತಿಕೊಂಡು. ಲೆಕ್ಕದ ಟೀಚರು ಹೆರಿಗೆ ರಜೆಗೆ ಹೋದಾಗ ಐದು ತಿಂಗಳ ಮಟ್ಟಿಗೆ ಅವರ ಬದಲಿಗೆ ಬಂದವನು. ಮಕ್ಕಳು ಇಟ್ಟ ಹೆಸರು ಹಾಗೇ ಉಳಿದು ಈಗ ಆಯಾ ಕೂಡ ಅದೇ ಹೆಸರಿನಿಂದ ಕರೆಯುತ್ತಿದ್ದಳು. ಅವನು ಚೀಟಿ ಓದಿದ. ಮೊದಲು ಎಡಗಿವಿ ಕೆಂಪಾಯಿತು, ಆಮೇಲೆ ಬಲಗಿವಿ.

"ಇದು ಪೂರ್ತಿ ನಿಜ ಅಲ್ಲ," ಎಂದ, ಗೋಡೆಗೇ ಹೇಳುವವನ ಹಾಗೆ. "ಎರಡು ಸಲ ಅಷ್ಟೇ ತಪ್ಪಿದ್ದು."

"ಮೂರು," ಎಂದಿತು ಗುಂಪಿನೊಳಗಿಂದ ಒಂದು ದನಿ.

ಅವಳಿಗೆ ನಗು ಬಂತು. ನಗುವ ಹೊತ್ತಲ್ಲ ಅದು, ಆದರೂ ಬಂತು. ತಲೆ ಎತ್ತಿದರೆ ಅವನು ಅವಳನ್ನೇ ನೋಡುತ್ತಿದ್ದ. ನೋಡಿದ್ದು ಅವಳಿಗೆ ತಿಳಿಯಿತೆಂದು ಗೊತ್ತಾಗಿ ಜೇಬಿನಲ್ಲಿ ಇಲ್ಲದ ಸೀಮೆಸುಣ್ಣ ಹುಡುಕತೊಡಗಿದ.

ಶಾಲೆಯ ಹಿಂದೆಯೇ ಅವಳ ಮನೆ. ಕಾಂಪೌಂಡು ಒಂದೇ. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಏಳನೇ ತರಗತಿ, ಏಳನೇ ತರಗತಿಯ ಕಿಟಕಿಯಿಂದ ನೋಡಿದರೆ ಅಡುಗೆಮನೆ. ಟ್ರೈನಿಂಗಿಗೆಂದು ಹೊರಗಿದ್ದ ಎರಡು ವರ್ಷ ಬಿಟ್ಟರೆ ಮೂವತ್ತನಾಲ್ಕು ವರ್ಷದ ಬದುಕನ್ನು ಅವಳು ಈ ಎರಡು ಕಿಟಕಿಗಳ ನಡುವೆಯೇ ಕಳೆದಿದ್ದಳು. ಅಪ್ಪ ತೀರಿಕೊಂಡ ದಿನ ಅವಳು ಇದೇ ಏಳನೇ ತರಗತಿಯ ಮೂರನೇ ಬೆಂಚಿನಲ್ಲಿ ಕೂತಿದ್ದಳು. ಬಾಗಿಲಿಗೆ ಬಂದು ಹೆಸರು ಹಿಡಿದು ಕರೆದದ್ದು ಹೆಡ್ ಮಿಸ್. ಅಮ್ಮ ಅನ್ನಬೇಕೋ ಮೇಡಂ ಅನ್ನಬೇಕೋ ತಿಳಿಯದೆ ಆ ಹುಡುಗಿ ಸುಮ್ಮನೆ ಎದ್ದು ನಿಂತಿದ್ದಳು.

ಒಮ್ಮೆ ಹೊರಡುವುದರಲ್ಲಿದ್ದಳು. ಆರು ವರ್ಷದ ಹಿಂದೆ ಬೇರೊಂದು ಊರಿನ ಶಾಲೆಯಲ್ಲಿ ಕೆಲಸ ಸಿಕ್ಕಿ, ಪೆಟ್ಟಿಗೆ ಕಟ್ಟುವ ವಾರವೇ ಅಮ್ಮ ಶಾಲೆಯ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ನಾಟಕವಲ್ಲ, ನಿಜವಾಗಿ ಮುರಿದಿತ್ತು; ಎಕ್ಸ್‌ರೇಯನ್ನು ಅವಳೇ ಬೆಳಕಿಗೆ ಹಿಡಿದು ನೋಡಿದ್ದಳು. ಮೂರು ತಿಂಗಳು ನೋಡಿಕೊಂಡು ಹೋಗೋಣ ಎಂದುಕೊಂಡಳು. ಮೂಳೆ ಕೂಡಿತು, ಅವಳು ಉಳಿದಳು.

ಈಗ ಮತ್ತೊಂದು. ಕಳೆದ ಶನಿವಾರ ಫೋನಿಗೆ ಪತ್ರ ಬಂದಿತ್ತು. ರೈಲಿನಲ್ಲಿ ಆರು ಗಂಟೆ ದೂರದ ಪಟ್ಟಣದ ವಿಜ್ಞಾನ ಕೇಂದ್ರದಲ್ಲಿ, ಬರುವ ಮಕ್ಕಳಿಗೆ ಪ್ರಯೋಗ ಮಾಡಿ ತೋರಿಸುವ ಕೆಲಸ. ಒಪ್ಪಿಗೆಯೋ ಇಲ್ಲವೋ ಶುಕ್ರವಾರ ಸಂಜೆ ಐದರೊಳಗೆ ತಿಳಿಸಬೇಕು. ಅವಳು ಅದನ್ನು ಹನ್ನೆರಡು ಸಲ ಓದಿದ್ದಳು. ಯಾರಿಗೂ ಹೇಳಿರಲಿಲ್ಲ.

ಆ ಮಧ್ಯಾಹ್ನ ಲೆಕ್ಕಕ್ಕೂ ವಿಜ್ಞಾನಕ್ಕೂ ಸೇರಿ ಒಂದೇ ಚಟುವಟಿಕೆ ಇತ್ತು, ಕಾಗದದ ಸೇತುವೆ. ಒಂದು ಹಾಳೆ, ಎರಡು ಬೆಂಚು, ನಡುವೆ ಒಂದು ಗೇಣು ಜಾಗ. ಅಂಟಿಲ್ಲ, ಕತ್ತರಿಯಿಲ್ಲ. ಹಾಳೆಯನ್ನು ಹೇಗಾದರೂ ಮಡಿಚಿ ಸೇತುವೆ ಮಾಡಿ ಅದರ ಮೇಲೆ ಎಷ್ಟು ನೋಟ್‌ಬುಕ್ ಪೇರಿಸುತ್ತೀರೋ ಪೇರಿಸಿ. ಹಾಳೆ ಹಾರದಂತೆ ಫ್ಯಾನ್ ನಿಲ್ಲಿಸಿ ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಹತ್ತು ನಿಮಿಷಕ್ಕೆ ಕೋಣೆ ಬೇಯತೊಡಗಿತು.

"ಸರ್, ಇದು ಅನ್ಯಾಯ," ಎಂದು ಎದ್ದು ನಿಂತಳು ದಪ್ಪ ಕನ್ನಡಕದ ಹುಡುಗಿ. ಎಲ್ಲದಕ್ಕೂ ವಾದ ಹೂಡುವ ಅವಳಿಗೆ ಲಾಯರ್ ಎಂದೇ ಹೆಸರು. "ನಮ್ಮ ಹಾಳೆ ಒದ್ದೆಯಾಗಿದೆ."

"ಹೇಗೆ ಒದ್ದೆಯಾಯ್ತು?"

"ಬೆವರು ಸರ್. ಕಿಟಕಿ ಮುಚ್ಚಿಸಿದ್ದು ನೀವು."

ಅವನು ಸೋತವನಂತೆ ಕೈ ಮುಗಿದು ಅವಳಿಗೆ ಹೊಸ ಹಾಳೆ ಕೊಟ್ಟ. ತಾನೂ ಒಂದು ತೆಗೆದುಕೊಂಡು ಕಿಟಕಿಯ ಕಟ್ಟೆಯ ಮೇಲಿಟ್ಟು ನೆರಿಗೆ ಮಡಿಚತೊಡಗಿದ, ಒಂದೊಂದೂ ಬೆರಳಗಲ. ಸೈನ್ಸ್ ಮಿಸ್ ಪಕ್ಕದಲ್ಲಿ ನಿಂತು ಆ ಬೆರಳುಗಳನ್ನೇ ನೋಡಿದಳು.

"ಇಷ್ಟು ಚೆನ್ನಾಗಿ ನೆರಿಗೆ ಹಿಡಿಯೋದು ಎಲ್ಲಿ ಕಲಿತ್ರಿ?"

"ಹಾಸ್ಟೆಲಲ್ಲಿ. ಅಂಗಿ ಇಸ್ತ್ರಿ ಮಾಡಿ ಮಾಡಿ."

ಅವಳು ಅವನ ಮುದುಡಿದ ಅಂಗಿಯನ್ನು ಕಾಲರಿನಿಂದ ಕೊನೆಯ ಗುಂಡಿಯವರೆಗೆ ನಿಧಾನವಾಗಿ ನೋಡಿದಳು. ಅವನೂ ನೋಡಿಕೊಂಡ.

"ಇದು ಪರೀಕ್ಷೆ ಮುಗಿದ ಮೇಲಿನ ಅಂಗಿ ಮಿಸ್. ಇದಕ್ಕೂ ರಜೆ."

ಅವನು ಇಂಥ ಮಾತಾಡುವಾಗ ಅವಳಿಗೆ ಕೋಣೆಯಲ್ಲಿ ಸ್ವಲ್ಪ ಗಾಳಿ ಆಡಿದ ಹಾಗಾಗುತ್ತಿತ್ತು. ಐದು ತಿಂಗಳಿಂದ ಹಾಗೇ. ನೋಟ್‌ಬುಕ್ ಪೇರಿಸುತ್ತ ಅವನು ತನ್ನ ಬಗ್ಗೆ ಹೇಳಿಕೊಂಡ. ಎಂಟು ವರ್ಷದಲ್ಲಿ ಏಳು ಶಾಲೆ, ಏಳರಲ್ಲೂ ಯಾರದೋ ಬದಲಿಗೆ. "ಎಲ್ಲಾ ಕಡೆ ಬೇರೆಯವರ ಬೀರು ಮಿಸ್. ಒಳಗೆ ಅವರ ಕೊಡೆ, ಅವರ ಟೀ ಕಪ್ಪು, ಅವರ ಮಕ್ಕಳ ಫೋಟೋ. ಒಂದು ಮೂಲೇಲಿ ನನ್ನ ಕಂಪಾಸು. ಮಕ್ಕಳ ಹೆಸರು ಬಾಯಿಗೆ ಬರೋ ಹೊತ್ತಿಗೆ ಹೊರಡೋ ದಿನ ಬಂದಿರುತ್ತೆ."

"ನಿಮಗೆ ಬೇಜಾರಾಗಲ್ವಾ?"

"ಬೇರೆ ಕಡೆ ಅಭ್ಯಾಸ ಆಗಿತ್ತು. ಈ ಸಲ..." ಎಂದು ಅವನು ಮುಂದಿನ ನೋಟ್‌ಬುಕ್ ಇಟ್ಟ. ಸೇತುವೆ ಕುಸಿದು ಹದಿನಾರು ಪುಸ್ತಕ ಅವರ ಕಾಲ ಮೇಲೆ ಬಿದ್ದವು. ಇಬ್ಬರೂ ಒಟ್ಟಿಗೇ ಬಗ್ಗಿದರು. ಮಕ್ಕಳು ಕಿರುಚಿದ್ದು ಸೇತುವೆಗೋ ಇವರಿಗೋ ಹೇಳುವುದು ಕಷ್ಟವಿತ್ತು.

ಸಂಜೆ ಊಟದ ಮೇಜಿನಲ್ಲಿ ಅಮ್ಮ ಸೂಪಿನ ಬಟ್ಟಲಿನಿಂದ ತಲೆ ಎತ್ತದೆ ಹೇಳಿದರು, "ನಾಳೆ ಆ ಹುಡುಗನ್ನ ಆಫೀಸಿಗೆ ಕರೀತೀನಿ."

ಅವಳ ಚಮಚ ನಿಂತಿತು. "ಅಮ್ಮ, ಮಕ್ಕಳ ಮಾತಿಗೆ ಅವರ ಕೆಲಸ ಕಳೀಬೇಡ."

"ಕಳೆಯೋದಾ? ಕೊಡೋಕೆ ಕರೀತಿರೋದು ಕಣೇ. ಲೆಕ್ಕದ ಟೀಚರು ಇನ್ನು ಬರಲ್ಲ ಅಂತ ಬರೆದಿದಾಳೆ. ಪರ್ಮನೆಂಟ್ ಪೋಸ್ಟು. ಇವನಿಗೇ ಕೊಡ್ತೀನಿ." ಅಮ್ಮ ಈಗ ಬಟ್ಟಲು ಸರಿಸಿ ಮಗಳ ಮುಖ ನೋಡಿದರು. ಆ ಮುಖದಲ್ಲಿ ಅಪರೂಪದ ಮೃದುತನವಿತ್ತು. "ಮೇಲಿನ ಎರಡು ರೂಮು ಖಾಲಿ ಬಿದ್ದಿದೆ. ಬಣ್ಣ ಹೊಡೆಸಿದ್ರೆ ಇಬ್ಬರಿಗೆ ಧಾರಾಳ. ಇನ್ನು ನಾಲ್ಕು ವರ್ಷಕ್ಕೆ ನಾನು ರಿಟೈರು. ನನ್ನ ಕುರ್ಚಿ ನಿನಗೆ. ಟೈಮ್ ಟೇಬಲ್ಲು, ಆಫೀಸು ಅವನು ನೋಡ್ಕೋತಾನೆ. ನಿನಗೆ ಅವನು ಇಷ್ಟ ತಾನೆ ಪುಟ್ಟಿ?"

"ಇಷ್ಟ," ಎಂದಳು ಅವಳು.

ಅದು ನಿಜ. ನಿಜ ಹೇಳಿ ಸಿಕ್ಕಿಹಾಕಿಕೊಂಡದ್ದು ಅವಳಿಗೆ ಅದೇ ಮೊದಲು. ಅಮ್ಮ ಬೇಡ ಎಂದಿದ್ದರೆ ಜಗಳವಾಡಬಹುದಿತ್ತು, ಅತ್ತು ಬಾಗಿಲು ಹಾಕಿಕೊಳ್ಳಬಹುದಿತ್ತು, ಹೊರಟೂ ಹೋಗಬಹುದಿತ್ತು. ಅಮ್ಮ ಹೂಂ ಎಂದುಬಿಟ್ಟಿದ್ದರು. ಅವಳು ಬಯಸಿದ ಒಬ್ಬನೇ ಒಬ್ಬ ಮನುಷ್ಯನನ್ನೂ ತಂದು ಇದೇ ಕಾಂಪೌಂಡಿನೊಳಗೆ ಕೂರಿಸಿ ಗೇಟು ಹಾಕುತ್ತಿದ್ದರು, ಅದೂ ಪ್ರೀತಿಯಿಂದ. ಬೇಡ ಎನ್ನಲು ಅವಳ ಬಳಿ ಒಂದು ಕಾರಣವೂ ಉಳಿದಿರಲಿಲ್ಲ.

"ಸೂಪು ಆರ್ತಿದೆ," ಎಂದರು ಅಮ್ಮ.

ಬುಧವಾರ ಲ್ಯಾಬಿನಲ್ಲಿ ವರ್ಷದ ಕೊನೆಯ ತೊಳೆತ. ಮಕ್ಕಳು ಬೀಕರುಗಳನ್ನು ಉಜ್ಜಿ ಮಗುಚಿಟ್ಟು ಹೋದ ಮೇಲೆ ಅವಳೊಬ್ಬಳೇ ಟೆಸ್ಟ್ ಟ್ಯೂಬುಗಳನ್ನು ಒರೆಸುತ್ತಿದ್ದಳು. ಅವನು ಬಾಗಿಲಲ್ಲಿ ಕಾಣಿಸಿಕೊಂಡ. ಕೈಯಲ್ಲಿ ಉದ್ದ ಕವರು. ಅಂಗಿಗೆ ಇಸ್ತ್ರಿ.

"ಮಿಸ್, ನಂಬ್ತೀರಾ?" ಅವನು ಕವರನ್ನು ಎತ್ತಿ ತೋರಿಸಿದ. "ಪರ್ಮನೆಂಟ್. ಶುಕ್ರವಾರದೊಳಗೆ ಸಹಿ ಹಾಕಿ ಕೊಡಿ ಅಂದ್ರು. ಬೀರೂ ತೋರಿಸಿದ್ರು, ಖಾಲಿ ಬೀರು, ಬೀಗದ ಕೈ ಸಮೇತ. ಆಮೇಲೆ ಮೇಡಂ ಇನ್ನೊಂದು ಮಾತೂ ಹೇಳಿದ್ರು..." ಅವನು ನಾಚಿ ನೆಲ ನೋಡಿದ. "ನಿಮ್ಮನ್ನ ಕೇಳದೆ ನಾನು ಏನೂ ಹೇಳಲ್ಲ ಅಂದೆ. ಈಗ ಕೇಳ್ತಿದೀನಿ. ನಿಮ್ಮ ಜೊತೆ ಇಲ್ಲೇ ಇದ್ದುಬಿಡಲಾ?"

ಐದು ತಿಂಗಳಿಂದ ಕಾದ ಮಾತು. ಅದರ ಕೊನೆಗೆ 'ಇಲ್ಲೇ' ಎಂಬ ಆ ಒಂದು ಪದ. ಟ್ಯೂಬು ಅವಳ ಕೈಯಿಂದ ಸಿಂಕಿಗೆ ಬಿದ್ದು ಚೂರಾಯಿತು.

"ಸಹಿ ಹಾಕಬೇಡಿ," ಎಂದಳು ಅವಳು. ಒಂದೇ ಉಸಿರಿಗೆ ಎಲ್ಲ ಹೇಳಿದಳು: ವಿಜ್ಞಾನ ಕೇಂದ್ರ, ಶುಕ್ರವಾರ, ಐದು ಗಂಟೆ, ಮೆಟ್ಟಿಲು, ಮುರಿದ ಕಾಲು. "ನೀವೂ ಬನ್ನಿ. ನಿಮಗೆ ಊರು ಬದಲಿಸಿ ಅಭ್ಯಾಸ ಇದೆ. ಅಲ್ಲೂ ಶಾಲೆಗಳಿವೆ."

"ಇವೆ. ಎಂಟನೇದು. ಯಾರದೋ ಬದಲಿಗೆ." ಅವನ ಮುಖದಲ್ಲಿದ್ದ ಬೆಳಕು ಮೆಲ್ಲಗೆ ಇಳಿಯಿತು. "ನಾನು ಹೋಗ್ತೀನಿ ಅಂತ ನಿಮಗೆ ಬೇಜಾರು ಅಂದ್ಕೊಂಡಿದ್ದೆ."

"ನೀವು ಹೋಗೋರು ಅಂತಾನೇ ನಿಮ್ಮನ್ನ ಇಷ್ಟಪಡೋಕೆ ಧೈರ್ಯ ಬಂತು. ನೀವು ಒಬ್ಬರೇ ಇಲ್ಲಿ ಹೊರಗಿನೋರು. ನಿಮ್ಮನ್ನ ನೋಡಿದ್ರೆ ಆಚೆ ಇನ್ನೂ ಊರುಗಳಿವೆ ಅಂತ ನೆನಪಾಗ್ತಿತ್ತು."

ಹೇಳಿದ ಮೇಲೆ ಆ ಮಾತು ಅವನಿಗೆ ಹೇಗೆ ನಾಟಿತೆಂದು ಅವಳಿಗೆ ಗೊತ್ತಾಯಿತು. ಅವನು ಸಿಂಕಿನ ಬಳಿ ಬಂದು ಗಾಜಿನ ಚೂರುಗಳನ್ನು ಒಂದೊಂದಾಗಿ ಕಾಗದದ ಮೇಲೆ ಎತ್ತಿಟ್ಟ. ದೊಡ್ಡ ಚೂರು, ಸಣ್ಣ ಚೂರು. ಎಲ್ಲ ಮುಗಿದ ಮೇಲೆ ಮೆಲ್ಲಗೆ ಕೇಳಿದ:

"ಹಾಗಾದ್ರೆ ನಿಮಗೆ ಬೇಕಾಗಿರೋದು ನಾನಾ, ಹೊರಗೆ ಹೋಗೋಕೆ ಒಂದು ಬಾಗಿಲಾ?"

ಅವಳು ಒರೆಸಿಟ್ಟ ಟ್ಯೂಬನ್ನೇ ಎತ್ತಿಕೊಂಡು ಮತ್ತೆ ಒರೆಸತೊಡಗಿದಳು. ಅವನು ಕವರು ಎತ್ತಿಕೊಂಡು ಹೊರಟುಹೋದ.

ಗುರುವಾರ ಮಕ್ಕಳು ಪತ್ರ ಬರೆದರು, ಮುಂದಿನ ವರ್ಷ ಏಳನೇ ತರಗತಿಗೆ ಬರುವವರಿಗೆ. ಒಬ್ಬೊಬ್ಬರೇ ಎದ್ದು ಓದಬೇಕು. 'ಲೆಕ್ಕಕ್ಕೆ ಹೆದರಬೇಡಿ, ಅದು ಕಚ್ಚಲ್ಲ.' 'ಸೈನ್ಸ್ ಮಿಸ್ ಸಿಟ್ಟು ಬಂದರೆ ಕೂಗಲ್ಲ, ಸುಮ್ಮನಾಗ್ತಾರೆ, ಆಗ ಹುಷಾರು.' ಮಕ್ಕಳು ನಗುತ್ತಿದ್ದರು. ಅವಳು ಎಲ್ಲರ ಹಿಂದೆ, ಬೀರುವಿಗೆ ಒರಗಿ ನಿಂತಿದ್ದಳು. ಗೋಡೆಯಾಚೆಯ ಕೋಣೆಯಲ್ಲಿ ಬದಲಿ ಸರ್ ಆರನೇ ತರಗತಿಗೆ ಒಗಟು ಹೇಳುತ್ತಿದ್ದ. ಬೆಳಗಿನಿಂದ ಎರಡು ಸಲ ಆ ಬಾಗಿಲ ಮುಂದೆ ಹಾದುಹೋಗಿದ್ದಳು. ಎರಡು ಸಲವೂ ಅವನು ಬೋರ್ಡಿನಿಂದ ತಿರುಗಿರಲಿಲ್ಲ.

ಲಾಯರ್ ಕೊನೆಗೆ ಎದ್ದಳು. "'ಪ್ರೀತಿಯ ಮುಂದಿನವರೇ, ಕಿಟಕಿ ಪಕ್ಕ ಕೂತರೆ ಹೊರಗೆ ನೋಡ್ತಾ ಇರ್ತೀರಿ, ಬೈಸಿಕೊಳ್ತೀರಿ. ಆದ್ರೂ ಅಲ್ಲೇ ಕೂತ್ಕೊಳ್ಳಿ.'" ಹಾಳೆ ಮಡಿಚಿದ ಮೇಲೂ ಅವಳು ಕೂರಲಿಲ್ಲ. ಕನ್ನಡಕ ಮೇಲೇರಿಸಿ, ಕೋರ್ಟಿನಲ್ಲಿ ಕೇಳುವಂತೆ ಕೇಳಿದಳು: "ಮಿಸ್, ನಾವೆಲ್ಲ ಎಂಟಕ್ಕೆ ಹೋಗ್ತೀವಿ. ಆಮೇಲೆ ಹೈಸ್ಕೂಲು. ನೀವು ಏಳನೇ ಕ್ಲಾಸು ಪಾಸಾಗೋದು ಯಾವಾಗ?"

ಎಲ್ಲರೂ ಹೋ ಎಂದರು. ಹುಡುಗಿ ತಮಾಷೆಗೇ ಕೇಳಿದ್ದಳು. ಸೈನ್ಸ್ ಮಿಸ್ ಕೂಡ ನಕ್ಕಳು. ನಗುತ್ತಲೇ ಬೀರುವಿನ ಹಿಂದಿನ ಮೂಲೆಗೆ ಸರಿದು, ಏನೋ ಹುಡುಕುವಂತೆ ಬಗ್ಗಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶುಕ್ರವಾರ ಮೂರು ಗಂಟೆಗೆ ಕೊನೆಯ ಬೆಲ್ಲು ಬಾರಿಸಿದಾಗ ಮಕ್ಕಳು ಕಟ್ಟೆ ಒಡೆದ ಹಾಗೆ ಹೊರಗೆ ಹರಿದರು. ಗದ್ದಲ ಗೇಟಿನಾಚೆ ಇಳಿಯುವವರೆಗೆ ಅವಳು ಖಾಲಿ ಬೆಂಚೊಂದರ ಮೇಲೆ ಕೂತಿದ್ದು, ಆಮೇಲೆ ಫೋನು ತೆಗೆದು ನಾಲ್ಕು ಸಾಲು ಬರೆದಳು. 'ನನಗೆ ಒಪ್ಪಿಗೆ' ಎಂದು ಬರೆದು, ಯಾರನ್ನೂ ಕೇಳದೆ ಕಳಿಸಿದಳು. ಏನೂ ಆಗಲಿಲ್ಲ. ಅಡುಗೆಮನೆಯ ಕಿಟಕಿ ಇದ್ದಲ್ಲೇ ಇತ್ತು. ಅವಳು ಎದ್ದು ಆಫೀಸಿಗೆ ಹೋದಳು.

ಹೆಡ್ ಮಿಸ್ ಮುಂದಿನ ವರ್ಷದ ಟೈಮ್ ಟೇಬಲ್ಲಿಗೆ ಗೆರೆ ಹಾಕುತ್ತಿದ್ದರು.

"ಅಮ್ಮ, ನಾನು ಕೇಳೋಕೆ ಬಂದಿಲ್ಲ. ಹೇಳೋಕೆ ಬಂದೆ."

ಅವಳು ಹೇಳಿ ಮುಗಿಸುವವರೆಗೆ ಸ್ಕೇಲು ಗೆರೆಯ ಮೇಲೇ ಇತ್ತು. ತಾಯಿ ಸ್ಕೇಲನ್ನು ಪಕ್ಕಕ್ಕಿಟ್ಟರು.

"ನಿನಗೆ ಅಂತ ಎಲ್ಲಾ ಮಾಡಿಟ್ಟಿದ್ದೆ," ಎಂದರು.

"ಗೊತ್ತಮ್ಮ. ನಾನು ಮಾಡೋಕೆ ಅಂತ ಏನೂ ಉಳೀಲಿಲ್ಲ."

"ನನ್ನ ಕಾಲಿಗೆ ಏನಾದ್ರೂ ಆದ್ರೆ?"

ಅವಳು ಕುರ್ಚಿ ಎಳೆದುಕೊಂಡು ಎದುರು ಕೂತಳು. ಆ ಕೋಣೆಯಲ್ಲಿ ಅವಳು ಯಾವತ್ತೂ ಕೂತವಳಲ್ಲ. "ಆದ್ರೆ ಬರ್ತೀನಿ. ವಾಸಿ ಆದ ಮೇಲೆ ವಾಪಸ್ ಹೋಗ್ತೀನಿ. ಹೋದ ಸಲ ಈ ಎರಡನೇ ಮಾತು ಹೇಳೋಕೆ ನನಗೆ ಬರ್ಲಿಲ್ಲ."

ತಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು, ಒರೆಸುತ್ತಲೇ ಇದ್ದರು. "ಆ ಊರಲ್ಲಿ ಇರೋಕೆ ಮನೆ?"

"ಮೊದಲ ತಿಂಗಳು ಅವರದೇ ಹಾಸ್ಟೆಲ್ ಇದೆ."

"ನೀರು ಕಾಯಿಸಿ ಕುಡಿ." ಅದು ಅನುಮತಿಯಲ್ಲ, ಅವಳೂ ಹಾಗೆ ತಿಳಿಯಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ತಿರುಗಿದಳು.

"ಅವರ ಕೆಲಸ ಮಾತ್ರ ವಾಪಸ್ ತಗೋಬೇಡ. ನನಗೋಸ್ಕರ ಅಲ್ಲ..."

"ನಿನಗೋಸ್ಕರ ಕೊಟ್ಟೆ ಅಂತ ಯಾರು ಹೇಳಿದ್ದು?" ಹೆಡ್ ಮಿಸ್ ಕನ್ನಡಕ ಹಾಕಿಕೊಂಡು ಮತ್ತೆ ಹೆಡ್ ಮಿಸ್ ಆದರು. "ಇಪ್ಪತ್ತಾರು ವರ್ಷದಲ್ಲಿ ನಮ್ಮ ಮಕ್ಕಳು ಭಿನ್ನರಾಶಿ ಅಂದ್ರೆ ನಗೋದನ್ನ ಇದೇ ಮೊದಲು ನೋಡಿದ್ದು. ಒಳ್ಳೇ ಮೇಷ್ಟ್ರನ್ನ ಬಿಡೋಕೆ ನನಗೇನು ತಲೆ ಕೆಟ್ಟಿದೆಯಾ? ಹೋಗು, ಸಹಿ ಹಾಕೋಕೆ ಹೇಳು. ಐದಕ್ಕೆ ಆಫೀಸು ಮುಚ್ತೀನಿ."

ಬದಲಿ ಸರ್ ಆರನೇ ತರಗತಿಯಲ್ಲಿ ಒಬ್ಬನೇ ಗೋಡೆಯ ಚಾರ್ಟುಗಳನ್ನು ಕೀಳುತ್ತಿದ್ದ. ಕವರು ಮೇಜಿನ ಮೇಲಿತ್ತು, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನು. ಎರಡು ದಿನದಲ್ಲಿ ಅವನ ಕೆನ್ನೆ ಒಳಗೆ ಹೋದಂತಿತ್ತು.

"ಇನ್ನೂ ಹಾಕಿಲ್ವಾ?" ಎಂದಳು ಅವಳು.

"ಹಾಕಿದ್ರೆ ನಿಮ್ಮನ್ನ ಕಟ್ಟಿಹಾಕಿದ ಹಾಗೆ. ಹಾಕದಿದ್ರೆ..." ಅವನು ಚಾರ್ಟನ್ನು ಸುರುಳಿ ಸುತ್ತಿದ. "ಎರಡು ದಿನದಿಂದ ಪೆನ್ನು ಒಣಗಿಸ್ತಿದೀನಿ."

"ಹಾಕಿ. ನಾನು ಒಪ್ಪಿಗೆ ಕಳಿಸಿಬಿಟ್ಟೆ. ಅಮ್ಮನಿಗೂ ಹೇಳ್ದೆ. ಹತ್ತು ದಿನಕ್ಕೆ ಹೊರಡ್ತೀನಿ."

ಅವನ ಕೈಯಲ್ಲಿದ್ದ ಸುರುಳಿ ಬಿಚ್ಚಿಕೊಂಡಿತು. ಸೌರವ್ಯೂಹ ನೆಲದ ಮೇಲೆ ಹರಡಿತು. "ಒಬ್ಬರೇ?"

"ಒಬ್ಬಳೇ." ಅವಳು ಎರಡು ಹೆಜ್ಜೆ ಹತ್ತಿರ ಬಂದಳು. "ಮೊನ್ನೆ ಕೇಳಿದ್ರಲ್ಲ, ನಾನಾ ಬಾಗಿಲಾ ಅಂತ. ಆಗ ನನಗೇ ಗೊತ್ತಿರಲಿಲ್ಲ, ಅದಕ್ಕೇ ಸುಮ್ಮನಾದೆ. ಈಗ ಬಾಗಿಲು ನಾನೇ ತೆಗೆದೆ. ಅದಕ್ಕೆ ನೀವು ಬೇಕಾಗ್ಲಿಲ್ಲ. ಆದ್ರೂ ಆಫೀಸಿಂದ ಈಚೆ ಬಂದ ತಕ್ಷಣ ನಿಮಗೆ ಹೇಳ್ಬೇಕು ಅನ್ನಿಸ್ತು, ಓಡ್ಕೊಂಡು ಬಂದೆ. ಅಂದ್ರೆ ನೀವೇ ಬೇಕು."

ಅವನು ಬಹಳ ಹೊತ್ತು ಅವಳನ್ನು ನೋಡಿದ, ಈ ಸಲ ಕಣ್ಣು ತಪ್ಪಿಸದೆ. ಕಿವಿ ಎರಡೂ ಒಟ್ಟಿಗೇ ಕೆಂಪಾದವು.

"ಒಂದು ಕೇಳ್ಲಾ? ನೀವು ನೀವು ಅಂತ ಸಾಕಾಗಿದೆ. ನೀನು ಅನ್ನಲಾ?"

"ಅನ್ನು," ಎಂದಳು ಅವಳು, ಅವನಿಗಿಂತ ಮೊದಲು.

ಅವನು ನಕ್ಕ. ಮೇಜಿಗೆ ಹೋಗಿ, ಒಣಗಿದ ಪೆನ್ನನ್ನು ನಾಲ್ಕು ಸಲ ಕೊಡವಿ, ತನ್ನ ಹೆಸರನ್ನು ಪೂರ್ತಿಯಾಗಿ, ದೊಡ್ಡದಾಗಿ ಬರೆದ. ಬರೆದು, ಮಸಿ ಆರಲೆಂದು ಊದುತ್ತ ಕೇಳಿದ:

"ರಜೆ ಆರು ವಾರ. ಆ ಊರಲ್ಲಿ ನೋಡೋಕೆ ಏನಿದೆ?"

"ವಿಜ್ಞಾನ ಕೇಂದ್ರ."

"ಅದು ಅರ್ಧ ದಿನಕ್ಕೆ ಮುಗಿಯುತ್ತೆ. ಉಳಿದ ದಿನ?"

"ಗೊತ್ತಿಲ್ಲ. ನಾನೂ ನೋಡಿಲ್ಲ," ಎಂದಳು ಅವಳು. "ಒಟ್ಟಿಗೆ ನೋಡೋಣ. ಆಮೇಲೆ ನೀನು ನಿನ್ನ ಬೀರುಗೆ ವಾಪಸ್ ಬಾ, ನಾನು ಅಲ್ಲಿರ್ತೀನಿ. ಆರು ಗಂಟೆ ರೈಲು ಅಷ್ಟೇ. ಶನಿವಾರ ಬಂದ್ರೆ ಭಾನುವಾರ ಹೋಗಬಹುದು. ಒಂದು ವಾರ ನೀನು, ಒಂದು ವಾರ ನಾನು. ಎಷ್ಟು ದಿನ ಹೀಗೆ ಅಂತ ಮಾತ್ರ ಈಗಲೇ ಕೇಳಬೇಡ."

"ಕೇಳಲ್ಲ," ಎಂದ ಅವನು. ಆಮೇಲೆ, ತಡೆಯಲಾಗದೆ, "ಮೊದಲನೇ ಶನಿವಾರ ಯಾರದು?" ಎಂದ.

ಸಹಿ ಮಾಡಿದ ಅವನ ಕೈಯನ್ನು ಅವಳು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, ಮಸಿ ಆರುವವರೆಗೆ, ಅಲ್ಲೇ ನಿಂತಳು.